ತಟ್ಟೆಯ ಮೇಲಿನ ಹೆಬ್ಬೆರಳು

ಮತ್ತೆ ಬಂತು, ಅಂಚು ನಗ್ಗಿದ ತಟ್ಟೆಯ ಮೇಲೆ ನನ್ನ ಹೆಬ್ಬೆರಳಿನ ಗುರುತು, ಬಿಳಿ ಪೊರೆಯಲ್ಲಿ ಒಂದೊಂದು ಗೆರೆಯೂ ಎಣಿಸುವಷ್ಟು ಸ್ಪಷ್ಟ, ಎರಡು ಸಲ ಉಜ್ಜಿದ್ದೇನೆ, ಮೊಣಕೈವರೆಗೆ ನೊರೆ, ನೊರೆಯ ಕೆಳಗೆ ಹಂದಿಯ ಕೊಬ್ಬು — ಕಕ್ಕಬೆಯ ತಣ್ಣೀರಿಗೆ ಮೇಣದ ಹಾಗೆ ಗಟ್ಟಿಯಾಗಿ ಉಗುರಿನ ಸಂದಿಗೆ ಇಳಿಯುತ್ತದೆ, ಬೆರಳಿಗೆ ಬೆರಳು ಜಾರುತ್ತದೆ, ಥೂ. ಪಾತ್ರೆ ತೊಳೆಯುವ ಈ ಲಿಕ್ವಿಡ್ ನಮ್ಮ ಮಹಿಳಾ ಸಂಘದ್ದು, ಬೆರೆಸಿದವಳು ನಾನು, ಕ್ಯಾನಿನ ಮೇಲೆ ಹೆಸರೂ ನನ್ನದೇ, ಯಮುನ. ತರಬೇತಿಗೆ ಬಂದ ಶಿವಪ್ರಕಾಶ್ ಸರ್ ಹೇಳಿದ್ದರು, ಸರ್ಫ್ಯಾಕ್ಟಂಟ್ ಅಂದರೆ ಎರಡು ತುದಿಯ ಕಣ, ಒಂದು ನೀರನ್ನು ಹಿಡಿಯುತ್ತೆ, ಇನ್ನೊಂದು ಜಿಡ್ಡನ್ನು, ಅದು ಸಾಕಷ್ಟಿದ್ದರೆ ಮಾತ್ರ ಜಿಡ್ಡು ಏಳುತ್ತೆ, ನೊರೆ ನೋಡ್ಬೇಡಿ ಅಮ್ಮ, ತಟ್ಟೆ ನೋಡಿ. ಮೊದಲ ಕ್ಯಾನಿಗೇ ಸಂಘದ ಬೊಳ್ಳಮ್ಮ ಮೂಗು ಮುರಿದಳು, ಎಂತ ಯಮುನ ಇದು, ನೊರೆಯೇ ಇಲ್ಲ, ಕೈ ಬೇರೆ ಉರೀತದೆ, ಗಂಜಿನೀರಾದ್ರೂ ವಾಸಿ. ಮರುವಾರ ಸ್ಲರಿ, ಆ ಜಿಡ್ಡು ಹಿಡಿಯುವ ದ್ರವ, ಅರ್ಧಕ್ಕೆ ಇಳಿಸಿದೆ, ಉಪ್ಪು ಹಾಕಿ ದಪ್ಪ ಮಾಡಿದೆ, ನೊರೆ ಹೆಚ್ಚಿಸುವ ದ್ರವವನ್ನು ಎರಡರಷ್ಟು ಸುರಿದೆ, ಬಕೆಟ್ ಉಕ್ಕಿ ಹರಿಯಿತು, ಹೆಂಗಸರು ಚಪ್ಪಾಳೆ ತಟ್ಟಿದರು, ತಟ್ಟೆಯನ್ನು ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ — ಈಗ ನೋಡುತ್ತಿದ್ದೇನೆ, ಬೊಳ್ಳಮ್ಮನ ಮಗಳ ಮದುವೆಯಲ್ಲಿ, ಬೆರಳು ಮೂಗಿನ ಹತ್ತಿರ ತಂದರೆ ನಿಂಬೆಯ ಸೆಂಟು, ಅದರ ಹಿಂದೆಯೇ ಹಂದಿ. ಯಮುನಕ್ಕಾ, ತಟ್ಟೆ ಕೊಡಿ, ಸಸ್ಯಾಹಾರದ ಪಂಕ್ತಿ ಕೂತಾಯ್ತು, ಅಡುಗೆಯ ಶಶಿಧರ ಕೂಗುತ್ತಾನೆ, ಅಷ್ಟು ನೊರೆ ಬಂತಲ್ಲ, ಇನ್ನೆಂತ ಅದಕ್ಕೆ ಪೂಜೆ ಮಾಡ್ತೀರಾ? ಆ ಪಂಕ್ತಿಯಲ್ಲಿ ಬೆಳ್ಯಪ್ಪ ಮಾವ, ಅತ್ತೆ ತೀರಿಕೊಂಡಂದಿನಿಂದ ಮಾಂಸ ಮುಟ್ಟದವರು, ಮದುವೆಗಳಿಗೆ ಸ್ವಂತ ತಟ್ಟೆಯನ್ನು ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಇನ್ನು ಬೇಡ ಮಾವ, ನನ್ನ ಲಿಕ್ವಿಡ್‌ನಲ್ಲಿ ತೊಳೆದರೆ ವಾಸನೆಯೂ ಉಳಿಯಲ್ಲ, ಆಣೆ, ಎಂದವಳು ನಾನೇ. ಇವತ್ತು ಬೆಳಿಗ್ಗೆ ಖಾಲಿ ಕೈ ತೋರಿಸಿ ನಕ್ಕರು, ನೋಡು ಮಗ, ನಿನ್ನ ನಂಬಿ ಬಂದಿದ್ದೇನೆ. ಬಿಸಿನೀರು ಕಾಯಿಸಿ ಎನ್ನಬೇಕು, ಯಾಕೆ ಎಂದರೆ ಸ್ಲರಿ ಇಳಿಸಿದ್ದನ್ನು ಹೇಳಬೇಕು, ಬೊಳ್ಳಮ್ಮ ಪಕ್ಕದಲ್ಲೇ ನಿಂತಿದ್ದಾಳೆ, ಬಾಯಿ ತೆರೆದೆ, ನಾಲಿಗೆಯ ಮೇಲೂ ಜಿಡ್ಡು ಕೂತ ಹಾಗೆ, ಶಶಿಧರ ಅಷ್ಟರಲ್ಲಿ ತಟ್ಟೆಗಳನ್ನು ಎತ್ತಿಕೊಂಡು ಹೋದ. ಮಾವನ ಮುಂದೆ ಇಟ್ಟದ್ದು ಅದೇ, ಅಂಚು ನಗ್ಗಿದ್ದು, ಇಲ್ಲಿಂದ ಕಾಣಲಾರದು, ಆದರೂ ಕಾಣುತ್ತದೆ, ಬಿಸಿ ಅನ್ನ ಬೀಳುತ್ತದೆ, ಪೊರೆ ಕರಗುತ್ತದೆ, ಅವರು ಕೈ ಹಾಕಿ ಕಲಸುತ್ತಾರೆ, ಅನ್ನದ ಅಡಿಯಲ್ಲಿ ನನ್ನ ಹೆಬ್ಬೆರಳು —