ಚರಿಗಿಯವರ ಜುಬೇದಾಬೀ

ಜುಬೇದಾಬೀ ಹೊಸ್ತಿಲಿಗೆ ಬಂದವರ ಹೆಸರು ಕೇಳುವುದಿಲ್ಲ. ಬಂದವರೇ ಹೇಳಲು ಬಾಯಿ ತೆರೆದರೆ ಎಡಗೈಯನ್ನು ಸಂಚಾರ ಪೊಲೀಸರ ಹಾಗೆ ಅಡ್ಡ ಹಿಡಿದು, "ಅದಿರ್ಲಿ, ಮೊದಲ ನೀರು ಕುಡೀರಿ" ಎನ್ನುತ್ತಾರೆ. ಅಷ್ಟರೊಳಗೆ ಬಲಗೈಗೆ ತುಂಬಿದ ತಾಮ್ರದ ಚರಿಗೆ ಬಂದಿರುತ್ತದೆ. ಕುಡಿದು ಮುಗಿಸಿ, ತುಟಿಯ ಮೇಲಿನ ಹನಿ ಒರೆಸಿಕೊಂಡ ಮೇಲಷ್ಟೇ ನಾನು ಇಂಥವನು, ಇಂಥ ಊರಿನವನು ಎಂದು ಹೇಳಿಕೊಳ್ಳುವ ಅಧಿಕಾರ ಬಂದವನಿಗೆ ಪ್ರಾಪ್ತವಾಗುತ್ತದೆ. ಆಗಲೂ ಅವರಾಗಿ ವಿಚಾರಿಸುವುದಿಲ್ಲ, ಹೇಳಿದರೆ ಕೇಳಿಸಿಕೊಳ್ಳುತ್ತಾರೆ. ಸಿಂಧನೂರಿನ ಅಕ್ಕಿ ಗಿರಣಿಗಳ ಓಣಿಯಲ್ಲಿ, ಲಾರಿಗಳ ಧೂಳೂ ಭತ್ತದ ಹೊಟ್ಟೂ ಒಂದಾಗಿ ಹಾರುವ ಆ ಬೀದಿಯಲ್ಲಿ, ಗಂಟಲು ಒಣಗದೆ ನಡೆದುಹೋಗುವವರು ಕಡಿಮೆ. ಅವರ ಮನೆಯ ಮುಂದೆ ಹೆಸರಿಲ್ಲದೆ ನಿಂತು, ದಣಿವಾರಿಸಿಕೊಂಡು, ಹೆಸರಿಲ್ಲದೆಯೇ ಹೊರಟುಹೋದವರೂ ಬಹಳ.

ಎಪ್ಪತ್ತು ದಾಟಿದ ಆ ಸಣ್ಣ ಶರೀರದ ನಡಿಗೆಯನ್ನು ದೂರದಿಂದಲೇ ಗುರುತಿಸಬಹುದು. ಎಡಗೈ ಬೀಸುತ್ತದೆ, ಬಲಗೈ ಬೀಸುವುದಿಲ್ಲ. ಬರಿಗೈಯಲ್ಲಿ ಸಂತೆಗೆ ಹೊರಟಾಗಲೂ ಅದು ಮೊಣಕೈಯಲ್ಲಿ ಮಡಚಿಕೊಂಡು, ತುಂಬಿದ ಪಾತ್ರೆಯನ್ನು ತುಳುಕದಂತೆ ಹಿಡಿದ ಭಂಗಿಯಲ್ಲೇ ಇರುತ್ತದೆ. ಉಟ್ಟ ಸೀರೆಯ ಬಲಮಗ್ಗುಲು ಸದಾ ತುಸು ಒದ್ದೆ. ಮದುವೆಯ ಸುದ್ದಿ ಹೇಳಿ, ಸಾವಿನ ಸುದ್ದಿ ಹೇಳಿ, ಕಾಲುವೆಗೆ ನೀರು ಬಿಟ್ಟ ಸುದ್ದಿ ಹೇಳಿ, ಅವರ ಬಾಯಿಂದ ಮೊದಲು ಬರುವುದು "ಅದಿರ್ಲಿ". ಅದರ ಬೆನ್ನಿಗೆ ನೀರು. ಮನೆಯವರ ಜತೆ ದಖನಿ, ಹೊರಗಿನವರ ಜತೆ ಕನ್ನಡ, ಸಿಟ್ಟು ಬಂದಾಗ ಎರಡನ್ನೂ ಕಲಸಿ. ಅಡುಗೆಮನೆಯಲ್ಲಿ ನೀರು ಶುದ್ಧಿ ಮಾಡುವ ಯಂತ್ರವಿದೆ, ಗಾಜಿನ ಲೋಟಗಳ ಸಾಲಿದೆ. ಹೊಸ್ತಿಲಿಗೆ ಮಾತ್ರ ಆ ತಾಮ್ರದ ಚರಿಗೆಯೇ ಹೋಗಬೇಕು. ಇದರಲ್ಲಿ ರಾಜಿಯಿಲ್ಲ.

ಚರಿಗೆ ಎಂದರೆ ತಂಬಿಗೆ. ಅದೇ ಆ ಮನೆತನದ ಅಡ್ಡಹೆಸರು: ಚರಿಗಿ. ನಮ್ಮ ಸೀಮೆಯಲ್ಲಿ ಅಡ್ಡಹೆಸರುಗಳಿಗೆ ಬರವಿಲ್ಲ. ತರಕಾರಿಯಿಂದ ಹಿಡಿದು ಆಯುಧದವರೆಗೆ ಯಾವುದನ್ನು ಬೇಕಾದರೂ ಜನ ಹೆಸರಿಗೆ ಅಂಟಿಸಿಕೊಂಡು ತಿರುಗುತ್ತಾರೆ, ಯಾರೂ ನಗುವುದಿಲ್ಲ. ಚರಿಗಿಯ ಹಣೆಬರಹ ಬೇರೆ. ಬೆಳಗಾಗೆದ್ದು ಚರಿಗೆ ಹಿಡಿದು ಬಯಲಿಗೆ ನಡೆಯುತ್ತಿದ್ದ ಕಾಲ ಮುಗಿಯುತ್ತ ಬಂದರೂ ಆ ನೆನಪು ಜನರ ನಾಲಿಗೆಯಿಂದ ಹೋಗಿಲ್ಲ. ಶಾಲೆಯಲ್ಲಿ ಹಾಜರಿ ಕೂಗುವಾಗ ಈ ಹೆಸರು ಬಂತೆಂದರೆ ಹಿಂದಿನ ಬೆಂಚುಗಳು ಕಿಸಕ್ಕೆನ್ನುತ್ತವೆ. ಜುಬೇದಾಬೀ ತಾವೂ ನಕ್ಕವರೇ. ಹುಟ್ಟಿದ್ದು ಮುದಗಲ್ಲಿನ ಅತ್ತಾರರ ಮನೆಯಲ್ಲಿ, ಸುಗಂಧ ಮಾರುವವರ ಮಗಳಾಗಿ. ಗಂಡಿನ ಮನೆತನದ ಹೆಸರು ಕೇಳಿದ ದಿನ ಓಢಣಿಯನ್ನು ಬಾಯಿಗೆ ತುರುಕಿಕೊಂಡು ನಕ್ಕದ್ದನ್ನು ಈಗಲೂ ಹೇಳುತ್ತಾರೆ: "ಅತ್ತರಿನ ಮನಿಯಿಂದ ಚರಿಗಿ ಮನಿಗೆ ಬಂದೀನಿ ನಾ. ನಾ ನಕ್ಕೆ, ನಮ್ಮಮ್ಮ ಅತ್ತಳು." ಹೆಸರಿನೊಂದಿಗೆ ಹುಟ್ಟಿದ ಗಂಡ ಅದನ್ನು ಸಹಿಸಿಕೊಂಡೇ ಬದುಕಿ ತೀರಿಕೊಂಡರು, ಹೊರಗಿನಿಂದ ಬಂದ ಹೆಂಡತಿ ಅದನ್ನು ಮೆರೆಸಿದರು.

ಈ ಹೆಸರಿನ ಮೂಲದ ಬಗ್ಗೆ ಮನೆಯಲ್ಲೇ ಒಮ್ಮತವಿಲ್ಲ. ಆಟೋ ಬಿಡಿಭಾಗಗಳ ಅಂಗಡಿ ಇಟ್ಟಿರುವ ಮಗ ನಾಸೀರ್‌ನ ಪ್ರಕಾರ, ನಿಜಾಮರ ಕಾಲದಲ್ಲಿ ಯಾವನೋ ಅಧಿಕಾರಿ ಸವಾರಿ ಬಂದಾಗ ಅವನ ಕುದುರೆಯ ಹಿಂದೆ ಚರಿಗೆ ಹಿಡಿದು ಓಡುತ್ತಿದ್ದವನೇ ವಂಶದ ಮೂಲಪುರುಷ. ಹೀಗೆಂದರೆ ತಾಯಿಗೆ ಸಿಟ್ಟು ಬಂದೀತೆಂದು ಅವನ ನಿರೀಕ್ಷೆ. "ಇದ್ದಿರಬಹುದು. ಸಾಹೇಬಗೂ ನೀರಡಿಕಿ ಆಗಿರ್ತೈತಿ" ಎಂದುಬಿಡುತ್ತಾರೆ ಅವರು.

ಅವರು ನಂಬಿರುವ ಕಥೆ ಅತ್ತೆಯ ಬಾಯಿಂದ ಬಂದದ್ದು. ಪಾಮನಕಲ್ಲೂರಿನ ಹೊರಗೆ, ಮಸ್ಕಿಗೆ ಹೋಗುವ ಗಾಡಿದಾರಿಯ ಬೇವಿನ ಮರದ ಕೆಳಗೆ, ಮಕ್ತುಮ್‌ಸಾಬ್ ಎಂಬ ಆ ಮನೆತನದ ಹಿರಿಯರು ದಾರಿಹೋಕರಿಗೆ ನೀರು ಕೊಡುತ್ತಿದ್ದರು. ಎರೆಹೊಲಗಳ ಸೀಮೆ, ಬೇಸಿಗೆಯಲ್ಲಿ ನೆಲ ಬಿರಿದು ಬಾಯಿ ಬಿಡುತ್ತದೆ, ಬಾವಿಗಳು ದೂರ. ಒಂದು ಮಧ್ಯಾಹ್ನ ಬಂದು ನಿಂತವನೊಬ್ಬನಿಗೆ, ಚರಿಗೆ ಎತ್ತಿಕೊಳ್ಳುತ್ತಲೇ ಬರೀ ಮಾತಿಗೆಂದು, "ಯಾರಪ್ಪಾ ನೀ, ಯಾರ ಪೈಕಿ" ಎಂದು ಕೇಳಿದರಂತೆ. ಜಾತಿ ಹೇಳಿದರೆ ನೀರು ಸಿಗದು, ಸುಳ್ಳು ಹೇಳಿದರೆ ಸಿಕ್ಕಿಬಿದ್ದೇನು ಎಂದು ಅಳುಕಿದ ಆ ಮನುಷ್ಯ, "ಇರ್ಲಿ ಬಿಡ್ರಿ" ಎಂದು ಹೊರಟ. ಅವನು ಯಾಕೆ ಹೋದನೆಂಬುದು ಮಕ್ತುಮ್‌ಸಾಬರಿಗೆ ಹೊಳೆಯುವಷ್ಟರಲ್ಲಿ ದಿಬ್ಬ ದಾಟಿದ್ದ. ಮರುದಿನ ಹೊಲಕ್ಕೆ ಹೋದವರು ಅವನ ಹೆಣ ಕಂಡರು. ಅಂದಿನಿಂದ ಆ ಮನೆಯಲ್ಲಿ ನೀರಿಗೆ ಮುಂಚೆ ಹೆಸರು ಕೇಳುವುದು ನಿಂತಿತು, ಊರು ಅದನ್ನು ಚರಿಗಿಯವರ ಮನೆ ಎಂದು ಕರೆಯಿತು. ಸತ್ತವನ ಹೆಸರು ಯಾರಿಗೂ ತಿಳಿಯಲಿಲ್ಲ. "ಅವನ ಹೆಸರನ್ನ ನಾವು ಇಟ್ಕೊಂಡೀವಿ ಅಂತ ತಿಳಕೋರಿ" ಎನ್ನುತ್ತಾರೆ ಜುಬೇದಾಬೀ.

ಲಿಂಗಸುಗೂರು, ಮಸ್ಕಿ, ಸಿಂಧನೂರು ಈ ಮೂರೂ ತಾಲೂಕುಗಳನ್ನು ಜಾಲಾಡಿದರೂ ಚರಿಗಿ ಎಂಬ ಮನೆಗಳು ಬೆರಳೆಣಿಕೆಯವು. ಎಷ್ಟು ಎಂಬುದರಲ್ಲಿ ಮತ್ತೆ ತಕರಾರು. ನೆಂಟರು ನಾಲ್ಕು ಎನ್ನುತ್ತಾರೆ: ಪಾಮನಕಲ್ಲೂರಿನಲ್ಲಿ ಎರಡು, ಮಸ್ಕಿಯಲ್ಲಿ ಒಂದು, ಸಿಂಧನೂರಿನ ಇದೊಂದು. ಜುಬೇದಾಬೀ ಐದು ಎನ್ನುತ್ತಾರೆ, ಮತ್ತು ಎಣಿಕೆಯನ್ನು ಬೇಕೆಂದೇ ಲಿಂಗಸುಗೂರಿನಿಂದ ಶುರುಮಾಡುತ್ತಾರೆ. ಅಲ್ಲಿರುವುದು ಆಸ್ಪತ್ರೆಯಲ್ಲಿ ದಾದಿಯಾಗಿರುವ ಭಾರತಿ ಚರಿಗಿ. ಬೌದ್ಧರ ಮನೆಯ ಹೆಣ್ಣುಮಗಳು. ಆಕೆಯ ತಂದೆ ಬಸ್ಸಪ್ಪ ಪಾಮನಕಲ್ಲೂರಿನ ಕೇರಿಯ ಹುಡುಗನಾಗಿದ್ದಾಗ ಶಾಲೆಯ ಕೊಡ ಮುಟ್ಟುವಂತಿರಲಿಲ್ಲ. ಬಿಡುವಿನ ಗಂಟೆ ಬಾರಿಸಿದರೆ ಓಡಿಬಂದು, ಆಗ ಆ ಊರಿನ ಮನೆಗೆ ಹೊಸ ಸೊಸೆಯಾಗಿ ಬಂದಿದ್ದ ಜುಬೇದಾಬೀಯ ಕೈಯಿಂದ ನೀರು ಕುಡಿದು ಓಡುತ್ತಿದ್ದ. ಮುಂದೆ ಹೈಸ್ಕೂಲಿಗೆ ಸೇರುವಾಗ ಮಾಸ್ತರರು ಅಡ್ಡಹೆಸರು ಕೇಳಿದರು. ಹುಡುಗ ಒಂದು ಕ್ಷಣ ಯೋಚಿಸಿ "ಚರಿಗಿ" ಎಂದುಬಿಟ್ಟ. ಸುದ್ದಿ ತಿಳಿದು ನೆಂಟರು ಹುಬ್ಬೇರಿಸಿದಾಗ ಜುಬೇದಾಬೀ ಕೇಳಿದ್ದು ಒಂದೇ: "ನಾನೂ ಹೊರಗಿಂದ ಬಂದಾಕಿನೇ. ನನಗ ಕೊಟ್ಟದ್ದು ಅವಗ ಯಾಕ ಬ್ಯಾಡ?"

ಇಷ್ಟೆಲ್ಲ ಅಭಿಮಾನ ಹೊರಲು ಮನೆಯಲ್ಲೇ ಒಬ್ಬಳು ಸಿದ್ಧಳಿರಲಿಲ್ಲ: ನಾಸೀರ್‌ನ ಮಗಳು ಆರ್ಜೂ. ಹಿಂದಿನ ಬೆಂಚುಗಳ ನಗೆಯನ್ನು ಹತ್ತು ವರ್ಷ ಕೇಳಿದವಳು, ಬ್ಯಾಂಕಿನಲ್ಲಿ ನೌಕರಿ ಸಿಕ್ಕೊಡನೆ ಕೌಂಟರಿನ ಹೆಸರಹಲಗೆಯಲ್ಲಿ ಬರೀ "ಆರ್ಜೂ ಎನ್." ಎಂದು ಬರೆಸಿಕೊಂಡಳು. ಪಿಂಚಣಿ ತರಲು ಹೋದ ಅಜ್ಜಿ ಅದನ್ನು ನೋಡಿ, "ಎನ್ ಅಂದ್ರೇನು, ನೀರಾ?" ಎಂದಷ್ಟೇ ಕೇಳಿ ಬಂದರು.

ಹೋದ ಬೇಸಿಗೆಯಲ್ಲಿ ಅವಳಿಗೆ ಲಿಂಗಸುಗೂರಿನ ಸಂಬಂಧ ಬಂತು. ಹುಡುಗ ವಾಸಿಂ ಕಾಲೇಜಿನಲ್ಲಿ ಉಪನ್ಯಾಸಕ. ತಂದೆ ಜಾಹೀದ್ ದೊಡ್ಡ ಬಟ್ಟೆ ಅಂಗಡಿಯವರು. ಹುಡುಗ ಹುಡುಗಿ ಮಾತಾಡಿಕೊಂಡು ಒಪ್ಪಿಯಾಗಿತ್ತು, ಹಿರಿಯರು ಬಂದು ನೋಡುವುದೊಂದೇ ಬಾಕಿ. ಆ ದಿನ ಹೊತ್ತಿಗೆ ಸರಿಯಾಗಿ, ಒಳ್ಳೆಯ ಬಟ್ಟೆ ತೊಟ್ಟ ಗಂಡ ಹೆಂಡತಿ ಹೊಸ್ತಿಲಿಗೆ ಬಂದು ಏನೋ ಹೇಳಹೋದರು. "ಅದಿರ್ಲಿ." ನೀರಾಯಿತು, ಸೋಫಾ ಆಯಿತು, ಒಗ್ಗರಣೆ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಆಯಿತು, ತಲೆ ತಗ್ಗಿಸಿದ ಆರ್ಜೂ ಚಹಾ ತಂದಿಟ್ಟು ಎದುರಿಗೆ ಕೂತದ್ದೂ ಆಯಿತು. ಆ ಹೆಂಗಸು ಆರ್ಜೂನ ಗಲ್ಲ ಮುಟ್ಟಿ ಚೆಂದದ ಹುಡುಗಿ ಎಂದಳು. ಚಹಾ ಮುಗಿಸಿದ ಗಂಡ, ಬಹಳ ಸಂಕೋಚದಿಂದ, ತಾವು ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನವರೆಂದೂ, ಪಕ್ಕದ ಗಿರಣಿಯ ಮಾಲೀಕರನ್ನು ಕಾಣಲು ಬಂದವರೆಂದೂ, ಪ್ರಾಯಶಃ ಬಾಗಿಲು ತಪ್ಪಿದೆಯೆಂದೂ ತಿಳಿಸಿದ. ಅದೇ ಗಳಿಗೆಗೆ ಬೀದಿಯಲ್ಲಿ ಕಾರು ನಿಂತು ನಿಜವಾದ ಬೀಗರು ಇಳಿದರು. ತಮಗಾಗಿ ಹಾಸಿದ ಸೋಫಾದ ಮೇಲೆ ಅಪರಿಚಿತರು ಮಿರ್ಚಿಯ ತೊಟ್ಟು ಹಿಡಿದು ಕೂತದ್ದನ್ನು ಕಂಡರು.

ಜಾಹೀದ್ ಹೊಸ್ತಿಲಲ್ಲೇ ನಿಂತು ತಮ್ಮ ಮನೆತನ, ಅಂಗಡಿ, ಅಜ್ಜನ ಹೆಸರು ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಜುಬೇದಾಬೀ ಚರಿಗೆ ಹಿಡಿದು, ಏನೂ ಕೇಳಿಸದವರಂತೆ ಕಾದರು. ಕಡೆಗೆ ಜಾಹೀದ್ ಕುಡಿದರು.

"ಹೆಸರು ಕೇಳಿದ್ರ ಈ ಗದ್ದಲ ಆಗ್ತಿರ್ಲಿಲ್ಲ ಬಿಡ್ರಿ" ಎಂದರು ಜಾಹೀದ್.

"ಆಗ್ತಿರ್ಲಿಲ್ಲರಿ. ಅವರಿಗೆ ನೀರೂ ಸಿಗ್ತಿರ್ಲಿಲ್ಲ."

ಜಾಹೀದ್ ಕೆಟ್ಟವರಲ್ಲ. ಹುಡುಗಿಯನ್ನು ಮನಸಾರೆ ಮೆಚ್ಚಿದರು. ಹೊರಡುವ ಮುನ್ನ ಒಂದು ಮಾತು ಇಟ್ಟರು: "ಲಗ್ನಪತ್ರಿಕ್ಯಾಗ ಆ ಅಡ್ಡಹೆಸರು ಬ್ಯಾಡ್ರಿ. ಲಿಂಗಸುಗೂರ ತುಂಬ ಹಂಚೋದೈತಿ, ಜನ ನಗ್ತಾರ."

ನಾಸೀರ್ ಹೂಂಗುಟ್ಟಲು ಬಾಯಿ ತೆರೆದಿದ್ದ. ಜುಬೇದಾಬೀ ಎಡಗೈ ಅಡ್ಡ ಹಿಡಿದರು. "ಆ ಹೆಸರ ಬಿಟ್ಟ ಮ್ಯಾಲ, ಬಾಗಲಿಗೆ ಬಂದವರನ್ನ ಯಾರು ನೀವು ಅಂತ ಕೇಳಬೇಕಾಗ್ತೈತ್ರಿ." ಬೀಗರಿಗೆ ಈ ಮಾತಿನ ತಲೆಬುಡ ತಿಳಿಯಲಿಲ್ಲ. ಯೋಚಿಸಿ ತಿಳಿಸಿ ಎಂದು ಹೋದರು.

ಯೋಚನೆ ಎಂಬುದು ಆ ಮುದುಕಿಯನ್ನು ತಿಂದುಹಾಕಿತು. ಒಂದು ಪಾತ್ರೆಯ ಹೆಸರಿಗಾಗಿ ಮೊಮ್ಮಗಳ ಬಾಳಿಗೆ ಅಡ್ಡ ಬರುವುದೇ ಎಂಬ ಸಂಕಟ ಅವರಿಗೆ ನಿಜವಾಗಿಯೂ ಆಯಿತು. ಎರಡು ದಿನ ಬಿಟ್ಟು ಆರ್ಜೂನ ಪಕ್ಕ ಕೂತು ದಖನಿಯಲ್ಲಿ ಕೇಳಿದರು, "ಹೋನಾ ಕ್ಯಾ ತೇರೆಕು?" ಬೇಕೇನು ನಿನಗೆ ಅವನು ಎಂದು. "ಹೋನಾ" ಎಂದಳು ಆರ್ಜೂ. ಮತ್ತೆ ಹೆಸರು? ಎಂದು ಕೇಳಿದ್ದಕ್ಕೆ ಅವಳು ನೆಲ ನೋಡಿದಳು. ಜುಬೇದಾಬೀ ಎದ್ದುಹೋಗಿ ಮಗನಿಗೆ, ಬೀಗರು ಹೇಳಿದಂತೆಯೇ ಪತ್ರಿಕೆ ಮಾಡಿಸು ಎಂದರು. ಚರಿಗೆಯನ್ನು ತೊಳೆದು, ಗೋಡೆಯ ಗೂಡಿನಲ್ಲಿ ಬೋರಲು ಹಾಕಿದರು.

ಮರುದಿನ ಭಾನುವಾರ. ಮಟಮಟ ಮಧ್ಯಾಹ್ನ ತಲೆಗೆ ವಸ್ತ್ರ ಸುತ್ತಿದ ಗಿರಣಿಯ ಹಮಾಲನೊಬ್ಬ ಹೊಸ್ತಿಲ ಮುಂದೆ ನಿಂತ. ಒಳಗೆ ಪುಸ್ತಕ ಹಿಡಿದು ಕೂತಿದ್ದ ಆರ್ಜೂಗೆ ಅಜ್ಜಿಯ ದನಿ ಕೇಳಿಸಿತು: "ಯಾರು ನೀ? ಹೆಸರೇನು?"

ಹುಟ್ಟಿದಾಗಿನಿಂದ ಆ ಮನೆಯಲ್ಲಿ ಅವಳು ಕೇಳದಿದ್ದ ಮಾತದು. ಹಿಂದಿನ ಬೆಂಚುಗಳ ಯಾವ ನಗೆಯೂ ಅವಳಿಗೆ ಅಷ್ಟು ನೋವು ಕೊಟ್ಟಿರಲಿಲ್ಲ. ಹೊರಗಿನವನು ತಡವರಿಸಿದ. ಆಮೇಲೆ, "ಇರ್ಲಿ ಬಿಡ್ರಿ" ಎಂದ. ಚಪ್ಪಲಿಯ ಸಪ್ಪಳ ದೂರವಾಗತೊಡಗಿತು. ಕೇಳಿ ಕೇಳಿ ಬೇಸತ್ತಿದ್ದ ಆ ಹಳೆಯ ಕಥೆ ಆರ್ಜೂನನ್ನು ಕತ್ತು ಹಿಡಿದು ಎಬ್ಬಿಸಿತು. ಚರಿಗೆ ತುಂಬಿಕೊಂಡು, ಅರ್ಧ ನೀರು ಮೈಮೇಲೆ ಚೆಲ್ಲಿಕೊಂಡು, ಸುಡುವ ಬೀದಿಯಲ್ಲಿ ಬರಿಗಾಲಲ್ಲಿ ಓಡಿ, ಲಾರಿಯೊಂದರ ನೆರಳಲ್ಲಿ ಅವನನ್ನು ಹಿಡಿದಳು. "ಮೊದಲ ಕುಡೀರಿ" ಎಂದಳು. ಚರಿಗೆಯನ್ನು ಅವನ ಕೈಗಿಟ್ಟಳು.

ಅವನು ಕುಡಿದ. ವಸ್ತ್ರದಿಂದ ಬಾಯಿ ಒರೆಸಿಕೊಂಡು, "ನಾ ಅಯ್ಯಪ್ಪರಿ. ಅಲ್ಲೇ ಗಿರಣ್ಯಾಗ ಚೀಲ ಹೊರಾಕತ್ತೀನಿ" ಎಂದ. ಮರ್ಯಾದೆಗೆಂದು, "ತಮ್ಮ ಹೆಸರೇನ್ರಿ?" ಎಂದೂ ಕೇಳಿದ.

"ಆರ್ಜೂ ಚರಿಗಿ" ಎಂದಳು, ಇಡೀ ಬೀದಿಗೆ ಕೇಳುವ ಹಾಗೆ.

ಅಲ್ಲೇ ನಿಂತು ವಾಸಿಂಗೆ ಫೋನ್ ಹಚ್ಚಿದಳು. "ಪತ್ರಿಕ್ಯಾಗ ನನ್ನ ಹೆಸರು ಪೂರ್ತಿ ಇರ್ತೈತಿ. ಮದುವಿ ಆದ ಮ್ಯಾಲೂ ಅದೇ ಇರ್ತೈತಿ. ಆಗಂಗಿಲ್ಲ ಅಂದ್ರ ಈಗಲೇ ಹೇಳ್ರಿ." ಆ ಕಡೆಯಿಂದ ಹುಡುಗ, ಅಪ್ಪನಿಗೆ ತಾನೇ ಹೇಳುತ್ತೇನೆ ಎಂದ. ಅವನು ಹೇಳಿದ ಮೇಲೆ ಜಾಹೀದ್ ವಾರಗಟ್ಟಲೆ ಮುಖ ಗಂಟಿಕ್ಕಿಕೊಂಡಿದ್ದರು, ಕಡೆಗೆ ಮಗನ ಹಟಕ್ಕೆ ಮಣಿದರು. ಲಗ್ನಪತ್ರಿಕೆಯಲ್ಲಿ ಹೆಸರು ದಪ್ಪ ಅಕ್ಷರದಲ್ಲೇ ಬಂತು. ಲಿಂಗಸುಗೂರಿನಲ್ಲಿ ಕೆಲವರು ನಕ್ಕರು. ನಕ್ಕವರೂ ಮದುವೆಗೆ ಬಂದು ಬಿರಿಯಾನಿ ಉಂಡು ಹೋದರು. ಭಾರತಿ ಚರಿಗಿ ಹೆಣ್ಣಿನ ಕಡೆಯವಳಾಗಿ ಬಾಗಿಲಲ್ಲಿ ನಿಂತು ಬಂದವರಿಗೆ ನೀರು ಕೊಟ್ಟಳು.

ಅಂದು ಆ ಹಮಾಲನ ಹೆಸರನ್ನು ಜುಬೇದಾಬೀ ಸೋತು ಕೇಳಿದರೋ, ಮೊಮ್ಮಗಳನ್ನು ಗೆಲ್ಲಬೇಕೆಂದೇ ಕೇಳಿದರೋ ಎಂಬುದು ಆ ಮನೆಯಲ್ಲಿ ಇನ್ನೂ ಇತ್ಯರ್ಥವಾಗದ ವ್ಯಾಜ್ಯ. ನಾಸೀರ್ ಎಷ್ಟು ಸಲ ಕೆದಕಿದರೂ ಜುಬೇದಾಬೀ "ಅದಿರ್ಲಿ" ಎನ್ನುತ್ತಾರೆ. ಆದರೆ ಅಯ್ಯಪ್ಪ ಈಗ ಓಣಿಯಲ್ಲಿ ಕಂಡರೆ ಚರಿಗೆ ಹಿಡಿದ ಅವರ ಕೈ ತಾನಾಗಿ ಅರ್ಧ ಅಂಗಳ ಮುಂದೆ ಹೋಗುತ್ತದೆ. ಮನೆಗಳೆಷ್ಟು ಎಂದು ಯಾರಾದರೂ ಕೇಳಿದರೆ ಬರುವ ಉತ್ತರವೂ ಬದಲಾಗಿದೆ: ಆರು, ಲಿಂಗಸುಗೂರಿನಲ್ಲೇ ಎರಡು. ಹೆಣ್ಣುಮಕ್ಕಳು ಮದುವೆಯಾಗಿ ಹೋದರೆ ಲೆಕ್ಕದಿಂದ ಕಳೆಯುವುದು ಲೋಕದ ಪದ್ಧತಿ. ಆ ಮನೆಯಲ್ಲಿ ಕೂಡಿಸುತ್ತಾರೆ.

ಮನೆತನದ ಹೆಸರನ್ನು ರಕ್ತ ಕಾಯುತ್ತದೆ ಎಂದು ನಂಬಿದವರು ಬಹಳ. ಜುಬೇದಾಬೀಯಂಥವರನ್ನು ಕಂಡ ಮೇಲೆ ಆ ನಂಬಿಕೆ ಸಡಿಲವಾಗುತ್ತದೆ. ಯಾರದೋ ಮನೆಯಲ್ಲಿ ಹುಟ್ಟಿ, ಇನ್ನಾರದೋ ಹೆಸರಿಗೆ ಬಂದು, ಮೊದಲು ನಕ್ಕು, ಆಮೇಲೆ ಆ ಹೆಸರು ಬೇಡುವ ಕೆಲಸವನ್ನು ಕೈಗೆತ್ತಿಕೊಂಡು ಜೀವಮಾನವಿಡೀ ಇಳಿಸದವರು ಅವರು. ಇಂಥವರು ಎಲ್ಲ ಊರಿನಲ್ಲೂ ಇರುತ್ತಾರೆ, ವಂಶಾವಳಿಗಳಲ್ಲಿ ಮಾತ್ರ ಇರುವುದಿಲ್ಲ. ಅಂಥವರ ಬಾಗಿಲಲ್ಲಿ ನಮ್ಮ ಹೆಸರು ಹೇಳಲು ನಾವು ತುಸು ಕಾಯಬೇಕಾಗುತ್ತದೆ. ಕಾಯುವುದರಲ್ಲಿ ಅವಮಾನವಿಲ್ಲ, ಆ ಹೊತ್ತಿಗೆ ನಮ್ಮ ಕೈಯಲ್ಲಿ ನೀರಿರುತ್ತದೆ.