ಬಿಸಿಲಿಗಿಟ್ಟ ಬಾಟಲಿ

ಬಾಟಲಿಗಳನ್ನು ನೀವೇ ಹೋಗಿ ತರಬೇಕು ಎಂದು ಅಂದಾನೆಪ್ಪನವರು ಫೋನಿನಲ್ಲಿ ಹೇಳಿದಾಗ ಮೃಣ್ಮಯಿ ಹಿಂಜರಿದಳು. ಬೇರೆ ಯಾರಾದರೂ ತಂದರೂ ನಡೆಯುತ್ತದೆ, ರುಚಿ ನೋಡಿ ಹೇಳುವುದಷ್ಟೇ ನನ್ನ ಕೆಲಸ ಎಂದಳು. ಅವರು ಒಪ್ಪಲಿಲ್ಲ. ಸ್ಯಾಂಪಲ್ಲು ನಡುದಾರಿಯಲ್ಲಿ ಬದಲಾಗಬಾರದು, ನಂಬಿಕೆಯವರ ಕೈಯಲ್ಲೇ ಬರಬೇಕು ಎಂದರು.

ಅಂದಾನೆಪ್ಪ ಮುಧೋಳದ ಸಕ್ಕರೆ ವ್ಯಾಪಾರಿ. ಅವರೂ ನಾಲ್ವರು ಗೆಳೆಯರೂ ಕೂಡಿ ಕೆಲವು ವರ್ಷಗಳಿಂದ ವೈನಿನಲ್ಲಿ ಹಣ ಹಾಕುತ್ತಿದ್ದರು. ಗೆಳೆಯರಲ್ಲೊಬ್ಬರಿಗೆ ಲೈಸೆನ್ಸ್ ಇರುವ ಹೋಟೆಲಿತ್ತು. ವ್ಯವಹಾರವೆಲ್ಲ ಅದರ ಹೆಸರಿನಲ್ಲಿ. ದ್ರಾಕ್ಷಿಯ ಸುಗ್ಗಿ ಮುಗಿದು ವೈನು ಇನ್ನೂ ಟ್ಯಾಂಕಿನಲ್ಲಿರುವಾಗಲೇ ಮುಂಗಡ ಕೊಟ್ಟು ಹಿಡಿಯುವುದು, ಬಾಟಲಿಗೆ ಬಂದ ಮೇಲೆ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನ ಒಂದು ಕೋಣೆಯಲ್ಲಿ ನಾಲ್ಕೈದು ವರ್ಷ ಇಟ್ಟು, ಬೆಲೆ ಏರಿದಾಗ ಮಾರುವುದು. ಈ ಸಲ ಸಾವಳಗಿಯ ಗೌರೀಶ ತನ್ನ ಹೊಸ ವೈನಿಗೆ ಹೋದ ವರ್ಷದ ಒಂದೂವರೆ ಪಟ್ಟು ಬೆಲೆ ಹೇಳಿದ್ದ. ಹೋದ ವರ್ಷದ್ದು ಇನ್ನೂ ಹಳೆಯ ಬೆಲೆಗೇ ಸಿಗುತ್ತಿರುವಾಗ ಹೊಸದಕ್ಕೆ ಅಷ್ಟು ಕೊಡಬಹುದೇ ಎಂಬುದನ್ನು ಮೃಣ್ಮಯಿ ಹೇಳಬೇಕಿತ್ತು.

ಅವಳು ಹಿಂದೆ ಗೌರೀಶನ ವೈನರಿಯ ಲ್ಯಾಬಿನಲ್ಲೇ ಇದ್ದವಳು. ಒಂದು ಬೇಸಿಗೆಯಲ್ಲಿ ಜನರೇಟರಿನ ಡೀಸೆಲ್ ಉಳಿಸಲೆಂದು ಅವನು ಕೂಲಿಂಗ್ ನಿಲ್ಲಿಸಿದ. ಬೇಡವೆಂದು ಅವಳು ಹೇಳಿದಳು. ಬಹುಶಃ ಇನ್ನೂ ಜೋರಾಗಿ ಹೇಳಬೇಕಿತ್ತು ಎಂದು ಈಗಲೂ ಅನ್ನಿಸುತ್ತದೆ. ದೊಡ್ಡ ಟ್ಯಾಂಕು ಹುಳಿಯಾಯಿತು. ಪಾಲುದಾರರು ಬಂದು ಕೇಳಿದಾಗ ಗೌರೀಶ ಎಲ್ಲರೆದುರು ಅವಳತ್ತ ಬೆರಳು ತೋರಿಸಿದ.

"ಬಾಯಿಗಿ ಹಾಕ್ಕೊಂಡ ಉಗುಳಾಕಿ ಇಕಿ. ಉಗುಳಾಕಿಗೆ ರುಚಿ ಎಲ್ಲಿಂದ ತಿಳಿಬೇಕ್ರಿ?"

ಎಲ್ಲರೂ ನಕ್ಕರು. ಅವಳ ಮನೆಯಲ್ಲಿ ಯಾರೂ ಕುಡಿಯುವವರಲ್ಲ. ರುಚಿ ನೋಡಿ ಉಗುಳುವುದು ಆ ಕೆಲಸದ ರೀತಿಯೂ ಹೌದು. ಆದರೆ ಆ ನಗೆಯ ಮಾತು ಊರೂರಿಗೆ ಹರಡಿತು. ದ್ರಾಕ್ಷಿಯ ಧಂದೆಯಲ್ಲಿ ಮತ್ತೆ ಯಾರೂ ಅವಳನ್ನು ಕರೆಯಲಿಲ್ಲ. ಜಮಖಂಡಿಯ ಒಂದು ಶುದ್ಧ ನೀರಿನ ಘಟಕದಲ್ಲಿ ನೀರು ಪರೀಕ್ಷೆ ಮಾಡಿಕೊಂಡಿದ್ದಳು, ಕುಡಿಯದವರ ನಾಲಿಗೆಯೇ ತಮಗೆ ಬೇಕು ಎಂದು ಅಂದಾನೆಪ್ಪನವರು ಹುಡುಕಿಕೊಂಡು ಬರುವತನಕ.

ಏಪ್ರಿಲಿನ ಒಂದು ಮುಂಜಾನೆ ಸ್ಕೂಟಿಯ ಮುಂದೆ ಐಸು ತುಂಬಿದ ಥರ್ಮಾಕೋಲ್ ಡಬ್ಬಿ ಇಟ್ಟುಕೊಂಡು ಸಾವಳಗಿಗೆ ಹೋದಳು. ಗೌರೀಶ ತಾನೇ ಹೊರಗೆ ಬಂದ. ಟ್ಯಾಂಕಿನಿಂದ ಎರಡು ಬಾಟಲಿ ತುಂಬಿಸಿ ಬಿರಡೆ ಹಾಕಿಸಿದ: ಒಂದು ಈಗ ಕುಡಿದು ನೋಡಲಿಕ್ಕೆ, ಇನ್ನೊಂದು ಮಾಲು ಬಂದಾಗ ತಾಳೆ ನೋಡಲಿಕ್ಕೆ. ಅವಳು ಟ್ಯಾಂಕಿನ ಬಳಿಯೇ ಒಂದು ಗುಟುಕು ಬಾಯಿಗೆ ಹಾಕಿಕೊಂಡಳು. ವೈನು ಚೆನ್ನಾಗಿತ್ತು. ಅಷ್ಟು ಚೆನ್ನಾಗಿರಬಹುದೆಂದು ಅವಳು ಎಣಿಸಿರಲಿಲ್ಲ. ಮೋರಿಗೆ ಉಗುಳಿ ತಲೆ ಎತ್ತಿದಾಗ ಗೌರೀಶ ನಗುತ್ತಿದ್ದ.

"ಇನ್ನೂ ಉಗುಳೂದ ಬಿಟ್ಟಿಲ್ಲೇನ ಮೇಡಂ? ಇರಲಿ ಬಿಡ್ರಿ. ಅವರ ಮುಂದ ಒಂದ ಛಲೋ ಮಾತ ಹೇಳ್ರಿ. ಈ ವರ್ಷ ಇದೊಂದರ ಮ್ಯಾಲ ನಾ ನಿಂತೇನಿ."

ಆಗಲಿ ಎಂದು ಹೊರಟಳು. ಊರು ದಾಟಿದ ಮೇಲೆ ಗಾಡಿ ನಿಲ್ಲಿಸಿದಳು. ಡಬ್ಬಿಯಿಂದ ಎರಡೂ ಬಾಟಲಿ ತೆಗೆದು ಸೀಟಿನ ಕೆಳಗಿನ ಡಿಕ್ಕಿಯಲ್ಲಿ, ಇಂಜಿನ್ನಿನ ಕಾವಿನ ಮೇಲೆ, ಮಲಗಿಸಿದಳು. ಐಸನ್ನು ರಸ್ತೆಯ ಬದಿಗೆ ಸುರಿದಳು. ಮಾಡಬೇಕಾದದ್ದು ಅಷ್ಟೇ. ಬೆಂದ ವೈನನ್ನು ಯಾರೂ ಕೊಳ್ಳುವುದಿಲ್ಲ.

ರುಚಿ ನೋಡುವುದು ಇನ್ನೆರಡು ದಿನಕ್ಕಿತ್ತು. ಅಷ್ಟೂ ಹೊತ್ತು ಗಾಡಿ ಅವಳ ಮನೆಯ ಮುಂದೆ ನಿಂತಿತ್ತು. ಬೇವಿನ ಮರದ ನೆರಳು ಸರಿದು ಸೀಟಿನ ಮೇಲೆ ಬಂದಾಗಲೆಲ್ಲ ಎದ್ದು ಹೋಗಿ ಗಾಡಿಯನ್ನು ಬಿಸಿಲಿಗೆ ತಳ್ಳುತ್ತಿದ್ದಳು.

"ಗಾಡಿ ಯಾಕ ಬಿಸಲಾಗ ನಿಂದ್ರಸ್ತಿ? ಸೀಟ್ ಕಾಯ್ತದ," ಎಂದಳು ಅವಳ ಆಯಿ.

"ಕಾಯಲಿ," ಎಂದಳು ಮೃಣ್ಮಯಿ.

ಒಂದು ಮಧ್ಯಾಹ್ನ ಮನಸ್ಸು ತಡೆಯದೆ ಡಿಕ್ಕಿ ತೆರೆದಳು. ಬಾಟಲಿ ಕೈಗೆ ಚುರುಕ್ಕೆಂದಿತು. ಒಂದರ ಬಿರಡೆ ಚೂರು ಮೇಲೆದ್ದು ಕೆಂಪು ಹನಿ ಜಿನುಗಿತ್ತು. ಬಿರಡೆಯನ್ನು ಒತ್ತಿ, ಹನಿಯನ್ನು ಸೆರಗಿನಲ್ಲಿ ಒರೆಸಿ, ಮತ್ತೆ ಮುಚ್ಚಿದಳು.

ಮುಧೋಳದಲ್ಲಿ ಅಂದಾನೆಪ್ಪನವರ ಮಹಡಿಯ ಕೋಣೆಯಲ್ಲಿ ಐವರೂ ಕೂತಿದ್ದರು. ಬಾಟಲಿಗಳನ್ನು ತಣ್ಣಗೆ ಮಾಡಿ, ಒಂದನ್ನು ತೆರೆದು ಗ್ಲಾಸುಗಳಿಗೆ ಹಾಕಿದರು. ಹೇಳಬೇಕಾದ ಮಾತನ್ನು ಮೃಣ್ಮಯಿ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದಳು. ಬಾಯಿಗೆ ಹಾಕಿಕೊಂಡಳು. ಹಣ್ಣಿನ ತಾಜಾತನ ಪೂರ್ತಿ ಸತ್ತು, ಕುದಿಸಿದ ಪಾಕದಂಥ ಮಂದವಾದ ಸಿಹಿವಾಸನೆ ಉಳಿದಿತ್ತು. ಅವಳು ಉಗುಳಿ ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಅಂದಾನೆಪ್ಪ ಕಣ್ಣು ಮುಚ್ಚಿಕೊಂಡು ತಲೆದೂಗಿದರು.

"ಒಣದ್ರಾಕ್ಷಿ ನೆನೆಹಾಕಿದಂಗ ಐತಲ್ಲೊ. ಇಷ್ಟ ದಿನಾ ಇಂಥಾದ್ದ ಎಲ್ಲಿತ್ತು?"

ಉಳಿದವರೂ ಹೌದೆಂದರು. ಒಣದ್ರಾಕ್ಷಿಯ ನಾಡಿನವರು, ಆ ರುಚಿಯನ್ನು ಕೆಟ್ಟದ್ದೆಂದು ಅವರ ನಾಲಿಗೆ ಹೇಗೆ ಹೇಳೀತು? ಇದನ್ನು ಅವಳು ಯೋಚಿಸಿಯೇ ಇರಲಿಲ್ಲ. ನಿಮ್ಮ ಅಭಿಪ್ರಾಯವೇನು ಎಂದು ಕೇಳಿದರು. ಬೆಲೆ ಹೆಚ್ಚಾಯಿತು, ಹೋದ ವರ್ಷದ್ದನ್ನೇ ಕೊಳ್ಳಿರಿ ಎಂದಳು. ಅವರು ನಕ್ಕು, ಗೌರೀಶ ಕೇಳಿದ ಬೆಲೆಗೇ ಮಾಲೆಲ್ಲ ತಮಗೆಂದು ಫೋನು ಮಾಡಿದರು. ಎರಡನೇ ಬಾಟಲಿಯ ಬಾಯಿಗೆ ಅರಗು ಹಚ್ಚಿ ಎತ್ತಿಟ್ಟರು.

ಮನೆಗೆ ಬಂದು ಅವಳು ಅತ್ತಳು. ಕೆಡಿಸಲು ಹೋದದ್ದು ಅವನಿಗೇ ಲಾಭವಾಗಿತ್ತು. ಆಮೇಲೆ ಒಂದು ದಿನ, ನೀರಿನ ಘಟಕದಲ್ಲಿ ಕೂತಿದ್ದಾಗ, ಆ ಎರಡನೇ ಬಾಟಲಿ ನೆನಪಾಯಿತು. ಅದೂ ಬೆಂದದ್ದೇ. ಟ್ಯಾಂಕಿನಿಂದ ಬರುವ ವೈನು ಅದಕ್ಕೆ ತಾಳೆಯಾಗುವುದಿಲ್ಲ. ಸ್ಯಾಂಪಲ್ಲು ಒಂದು ತೋರಿಸಿ ಮಾಲು ಇನ್ನೊಂದು ಕೊಟ್ಟ ಎಂಬ ಹೆಸರು ಗೌರೀಶನಿಗೆ ಬರುತ್ತದೆ. ತನಗಾದದ್ದು ಹೆದರಿಕೆಯೋ ಸಂತೋಷವೋ ಅವಳಿಗೇ ತಿಳಿಯಲಿಲ್ಲ. ಮಳೆಗಾಲದಲ್ಲಿ ಒಮ್ಮೆ ಅವನ ನಂಬರು ಒತ್ತಿ, ರಿಂಗಾಗುವ ಮೊದಲೇ ಕತ್ತರಿಸಿದಳು.

ಮಾಲು ಶ್ರಾವಣದಲ್ಲೇ ಬಂತು. ಅಂದಾನೆಪ್ಪನವರು ಶ್ರಾವಣದಲ್ಲಿ ಮುಟ್ಟುವವರಲ್ಲ. ಹಬ್ಬ ಮುಗಿದ ಮೇಲೆ ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಎಲ್ಲರನ್ನೂ ಕೂಡಿಸಿದರು. ಬಾಕಿ ಹಣ ತೆಗೆದುಕೊಂಡು ಹೋಗಲು ಗೌರೀಶ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ. ಪೆಟ್ಟಿಗೆಯಿಂದ ಒಂದು ಬಾಟಲಿ ತೆರೆದರು. ಅಂದಾನೆಪ್ಪ ಕುಡಿದರು, ಮುಖ ಗಂಟು ಹಾಕಿದರು, ಎತ್ತಿಟ್ಟ ಬಾಟಲಿಯ ಅರಗು ಒಡೆಸಿ ಅದನ್ನೂ ಕುಡಿದರು.

"ಇದ ಬ್ಯಾರೆ, ಅದ ಬ್ಯಾರೆ," ಎಂದರು.

ವೈನು ಕೂತಂತೆಲ್ಲ ರುಚಿ ತಿರುಗುತ್ತದೆ ಎಂದು ಗೌರೀಶ ಸಮಾಧಾನ ಹೇಳಿದ. ಆಮೇಲೆ ಅರಗಿನ ಬಾಟಲಿಯದನ್ನು ತಾನೂ ಒಂದು ಗುಟುಕು ನುಂಗಿದ. ಅವನ ಮುಖ ಬಿಳಿಚಿತು. ನಿಧಾನವಾಗಿ ಮೃಣ್ಮಯಿಯತ್ತ ತಿರುಗಿದ. ಅವನಿಗೆ ತಿಳಿಯಿತು ಎಂದು ಅವಳಿಗೂ ತಿಳಿಯಿತು.

"ಸಾವ್ಕಾರ್ರ, ಇದು ಕೆಟ್ಟ ವೈನ್. ಬಿಸಲಾಗ ಬೆಂದದ್ದು. ನಾಯೀನ ಇಂಥಾದ್ದ ಕುಡ್ಯಾಂಗಿಲ್ಲ," ಎಂದ ಗೌರೀಶ.

ಅಂದಾನೆಪ್ಪ ಗ್ಲಾಸನ್ನು ಮೇಜಿನ ಮೇಲೆ ಇಟ್ಟರು.

"ಅಂದ್ರ ನಾಯಿ ಕುಡೀಲಾರದ್ದನ್ನ ನಾವ ಐದ ಮಂದಿ ಛಲೋ ಐತಿ ಅಂತ ಕುಡದೇವಿ?"

ಗೌರೀಶ ತಪ್ಪಾಯಿತೆಂದ, ಹಾಗಲ್ಲವೆಂದ, ತಂದವರನ್ನು ಕೇಳಿರಿ ಎಂದ. ಅಷ್ಟರಲ್ಲಿ ಅವನ ಮಾತು ಕೇಳುವವರಿರಲಿಲ್ಲ. ಎಲ್ಲರೂ ಮೃಣ್ಮಯಿಯನ್ನು ನೋಡುತ್ತಿದ್ದರು.

"ನೀವ ಹೇಳ್ರಿ ಬಾಯಾರ," ಎಂದರು ಅಂದಾನೆಪ್ಪ.

ಗೌರೀಶನನ್ನು ಉಳಿಸಲು ಒಂದೇ ಒಂದು ಮಾತು ಸಾಕಿತ್ತು. ಡಿಕ್ಕಿ ಎಂದರೆ ಸಾಕಿತ್ತು. ಅವಳು ಹೊಸ ಬಾಟಲಿಯ ವೈನನ್ನು ಬಾಯಿಗೆ ಹಾಕಿಕೊಂಡಳು. ಏಪ್ರಿಲಿನಲ್ಲಿದ್ದದ್ದಕ್ಕಿಂತ ಒಳ್ಳೆಯದಾಗಿತ್ತು; ಐದು ವರ್ಷ ಇಟ್ಟರೆ ಇನ್ನೂ ಏರುವಂಥದ್ದು. ಅವಳು ಅವಸರಪಡಲಿಲ್ಲ.

"ಇದು ಛಲೋ ವೈನ್ ಅದರಿ," ಎಂದಳು. "ಆದರ ಆವತ್ತ ನೀವು ಕುಡದು ಒಪ್ಪಿದ್ದು ಈ ರುಚಿದಲ್ಲ. ಅಷ್ಟ ನನಗ ಗೊತ್ತು."

ಹಾಗಾದರೆ ಮಾಲು ವಾಪಸು ಕಳಿಸೋಣವೇ ಎಂದು ಒಬ್ಬರು ಕೇಳಿದರು. ಬೇಡ ಎಂದಳು ಮೃಣ್ಮಯಿ. ಹಣ ಹಾಕುವವರಿಗೆ ಸರಿಯಾದದ್ದನ್ನು ಹೇಳುವುದು ಅವಳ ಕೆಲಸ, ಅದರಲ್ಲಿ ತಪ್ಪಬಾರದು.

"ಹೋದ ವರ್ಷದ ಬೆಲಿಯ ಅರ್ಧಕ್ಕ ಕೇಳ್ರಿ. ಸ್ಯಾಂಪಲ್ ತಪ್ಪಿದ ಮಾಲು, ಇನ್ನ ಹೊರಗ ಯಾರೂ ತಗೊಳೂದಿಲ್ಲ. ಕೊಟ್ರ ಒಂದ ಪೆಟ್ಟಿಗೀನೂ ಬಿಡಬ್ಯಾಡ್ರಿ."

ಅಂದಾನೆಪ್ಪ ಗೌರೀಶನನ್ನು ನೋಡಿದರು. ಗೌರೀಶ ಅವರನ್ನು ನೋಡಲಿಲ್ಲ. ಮೃಣ್ಮಯಿಯನ್ನೇ ದಿಟ್ಟಿಸುತ್ತ, ಆ ಬೆಲೆಗೆ ಆತ್ರಿ ಎಂದ. ಅವಳು ಕಣ್ಣು ಕೆಳಗಿಳಿಸಲಿಲ್ಲ. ಅವನೇ ಇಳಿಸುವತನಕ ಕಾದಳು.