ಹಂಡೆ ತೊಳೆದರೂ ಹೋಗದ ಹಳದಿ

ಬಣ್ಣ ಹಾಕುವವರ ಬೀದಿಯಲ್ಲಿ ಮೈ ಕೆರೆದುಕೊಳ್ಳದವರೇ ಇರಲಿಲ್ಲ. ಕುದಿಯುವ ಹಂಡೆಯ ಆವಿ, ಬಣ್ಣ ಕಚ್ಚಲೆಂದು ಹಾಕುವ ಪಟಿಕದ ನೀರು, ಇವೆರಡರ ನಡುವೆ ಬದುಕುವ ಚರ್ಮ ಸುಮ್ಮನಿರುವುದಾದರೂ ಹೇಗೆ? ಹಾಗಾಗಿ ಅಣ್ಣ ಕುತ್ತಿಗೆ, ಬೆನ್ನು, ಅಂಗಾಲು ಕೆರೆದುಕೊಳ್ಳತೊಡಗಿದಾಗ ಮನೆಯಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ತಂಗಿಯೊಬ್ಬಳು ಮಾತ್ರ ನೋಡುತ್ತಿದ್ದಳು. ಅವಳ ಕೆಲಸವೇ ನೋಡುವುದು. ಅಣ್ಣ ಅದ್ದಿ ತೆಗೆದ ಬಟ್ಟೆಯನ್ನು ಅಂಗಳದ ತಂತಿಗೆ ಹರವಿ, ಒಣಗಿದ ಮೇಲೆ ಎಲ್ಲಾದರೂ ಕಲೆಯಿದೆಯೇ, ಮಂಕಿದೆಯೇ ಎಂದು ಗೇಣುಗೇಣೂ ನೋಡಿ ಮಡಿಸುವವಳು ಅವಳು. ನೋಡಿ ನೋಡಿ ಅದೇ ಚಾಳಿಯಾಗಿತ್ತು. ಮನೆಯಲ್ಲಿ ಯಾರಾದರೂ ಎರಡು ಸಲ ಕೆಮ್ಮಿದರೆ ಅವಳ ಎದೆ ಡವಗುಟ್ಟುತ್ತಿತ್ತು. ಅತ್ತಿಗೆ ಅವಳಿಗೆ ‘ಭೂತಗನ್ನಡಿ’ ಎಂದು ಹೆಸರಿಟ್ಟಿದ್ದಳು.

ಆಗ ಮನೆಯ ತುಂಬ ಹಳದಿ. ದೊಡ್ಡ ಹೋಟೆಲೊಂದರ ಪರದೆಗಳಿಗೆ ಬಣ್ಣ ಹಾಕುವ ಕೆಲಸ ಬಂದಿತ್ತು. ಈ ಗೋಡೆಯಿಂದ ಆ ಗೋಡೆಗೆ ಹಳದಿ ಬಟ್ಟೆ ಸಾಲುಸಾಲಾಗಿ ತೂಗುತ್ತಿತ್ತು. ಬಿಸಿಲು ಅದರೊಳಗಿಂದ ಸೋಸಿ ಬಂದು ನೆಲ, ಕೊಡ, ಬೆಕ್ಕು, ಮನುಷ್ಯರ ಮುಖ ಎಲ್ಲವನ್ನೂ ಒಂದೇ ಬಣ್ಣ ಮಾಡಿಬಿಡುತ್ತಿತ್ತು. ಆ ಸಾಲುಗಳ ನಡುವೆ ನಡೆಯುವಾಗ ತಂಗಿಗೆ ಎಚ್ಚರವೋ ಕನಸೋ ತಿಳಿಯುತ್ತಿರಲಿಲ್ಲ. ಬಟ್ಟೆ ಉಸಿರೆಳೆದುಕೊಂಡಂತೆ ಒಳಗೆ ಸರಿಯುವುದು, ಉಸಿರು ಬಿಟ್ಟಂತೆ ಹೊರಗೆ ಉಬ್ಬುವುದು. ಆಚೆ ಅಣ್ಣನ ನೆರಳು ಮೂಡುವುದು, ಕರಗುವುದು. “ಅಣ್ಣಾ” ಎಂದರೆ ಯಾವ ಸಾಲಿನಿಂದಲೋ “ಹೂಂ” ಎಂಬ ದನಿ ಬರುವುದು. ದಿನದಿಂದ ದಿನಕ್ಕೆ ಆ ನೆರಳು ತೆಳ್ಳಗಾಗುತ್ತಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಬಿಸಿಲಿನ ಆಟ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಕೆಲಸ ಮುಗಿಯಿತು. ಹಳದಿ ಹಂಡೆಯನ್ನು ಉಜ್ಜಿ ತೊಳೆದು ಬೋರಲು ಹಾಕಿದರು. ನೀಲಿ ಹಂಡೆ ಒಲೆ ಏರಿತು. ಅಂಗಳ ನೀಲಿಯಾಯಿತು, ಬೆಕ್ಕು ನೀಲಿಯಾಯಿತು, ಅಣ್ಣನ ಕೈ ಮೊಣಕೈವರೆಗೆ ನೀಲಿಯಾಯಿತು. ಒಂದು ಮಧ್ಯಾಹ್ನ ಅವನು ಬೆವರು ಒರೆಸಲು ಆ ನೀಲಿ ಕೈಯನ್ನು ಮೇಲೆತ್ತಿದ. ತಂಗಿಯ ಕೈಯಲ್ಲಿದ್ದ ಬಟ್ಟೆ ಅರ್ಧ ಮಡಿಕೆಯಲ್ಲೇ ನಿಂತಿತು.

ಅವನ ಕುತ್ತಿಗೆ ಇನ್ನೂ ಹಳದಿಯಾಗಿತ್ತು.

“ಅಣ್ಣಾ, ನಿನ್ನ ಮೈಮೇಲಿನ ಹಳದಿ ಹೋಗಿಲ್ಲ.”

“ಬಣ್ಣ ಹಾಕಿದೋನು ಯಾರು ಅನ್ಕೊಂಡೆ? ಪರದೆ ಹರಿದ್ರೂ ಬಣ್ಣ ಹೋಗಲ್ಲ ಕಣೇ,” ಎಂದು ಅಣ್ಣ ನಕ್ಕ.

“ಪರದೆ ಬಿಡಿ, ಪ್ಯಾಂಟೇ ಸೊಂಟದಲ್ಲಿ ನಿಲ್ತಿಲ್ಲ ಇವ್ರಿಗೆ,” ಎಂದಳು ಒಲೆಯ ಬಳಿಯಿದ್ದ ಅತ್ತಿಗೆ. “ತಟ್ಟೇಲಿ ಅರ್ಧ ಊಟ ಹಾಗೇ ಇರುತ್ತೆ.”

“ನೋವಿದ್ಯಾ? ಇಲ್ಲ. ಜ್ವರ ಇದ್ಯಾ? ಇಲ್ಲ. ಇಲ್ದೇ ಇರೋ ಕಾಯಿಲೇನ ಇಬ್ರೂ ಸೇರಿ ಎಲ್ಲಿಂದ ಹಿಡ್ಕೊಂಡು ಬರ್ತೀರಿ?” ಅಣ್ಣ ಕೋಲು ಹಿಡಿದು ಮತ್ತೆ ಹಂಡೆ ಕಲಕತೊಡಗಿದ.

ತಂಗಿ ಅಷ್ಟಕ್ಕೇ ಬಿಡಲಿಲ್ಲ. ಬೀದಿಯ ಕೊನೆಯ ಮನೆಯ ನರ್ಸಕ್ಕ ಸಂಜೆ ಆಸ್ಪತ್ರೆಯಿಂದ ಬರುವುದನ್ನೇ ಕಾದು, ಕೈ ಹಿಡಿದು ಕರೆತಂದಳು.

ನರ್ಸಕ್ಕ ಸುತ್ತು ಬಳಸಿ ಮಾತಾಡುವವಳಲ್ಲ. “ಮೂತ್ರ ಯಾವ ಬಣ್ಣ? ಮಲ ಯಾವ ಬಣ್ಣ?” ಎಂದು ಕೇಳಿಯೇಬಿಟ್ಟಳು.

ಅಣ್ಣ ಗೋಡೆ ನೋಡಿದ. ಅತ್ತಿಗೆ ಸೆರಗಿನ ತುದಿ ತಿರುಚುತ್ತಾ ಹೇಳಿದಳು: “ಮೂತ್ರ ಕಡು ಚಹಾ ಥರ ಅಂತೆ. ಮಲ ಸುಣ್ಣದ ಥರ ಬಿಳಿಚಿಕೊಂಡಿದೆಯಂತೆ. ಬಣ್ಣದ ಗಾಳಿ ಕುಡಿದು ಹಾಗಾಗಿದೆ ಅಂತಾರೆ. ಕಾಮಾಲೆ ಇರಬಹುದೇನೋ, ಅದಕ್ಕೊಂದು ಪುಡಿ ಕೊಡೋರಿದ್ದಾರೆ ಅಂತ ಪಕ್ಕದ ಮನೆಯವಳು ಹೇಳ್ತಿದ್ಳು.”

“ಕಾಮಾಲೇನೇ ಇರಬಹುದು. ಆದ್ರೆ ಅದು ಯಾಕೆ ಬಂತು ಅಂತ ಪುಡಿಗೆ ಗೊತ್ತಾಗುತ್ತಾ?” ಎಂದಳು ನರ್ಸಕ್ಕ. “ಲಿವರಲ್ಲಿ ಪಿತ್ತರಸ ಅಂತ ಹಸಿರು-ಹಳದಿ ನೀರು ಹುಟ್ಟುತ್ತೆ. ಪಿತ್ತಕೋಶ ಅಂತ ಒಂದು ಪುಟ್ಟ ಚೀಲ, ಅದ್ರಲ್ಲಿ ಸ್ವಲ್ಪ ಕೂಡಿರುತ್ತೆ. ಪಿತ್ತನಾಳದಲ್ಲಿ ಹರಿದು ಕರುಳಿಗೆ ಹೋಗುತ್ತೆ. ಆ ನಾಳ ಎಲ್ಲಾದ್ರೂ ಕಟ್ಟಿಕೊಂಡ್ರೆ?”

“ನಮ್ಮ ಮೋರಿ ಕಟ್ಟಿದ ಹಾಗೆ,” ಎಂದ ಅಣ್ಣ, ತನಗರಿವಿಲ್ಲದೆಯೇ. “ಬಣ್ಣದ ನೀರೆಲ್ಲ ವಾಪಸ್ಸು ಅಂಗಳಕ್ಕೆ.”

“ಅದೇ. ವಾಪಸ್ಸು ರಕ್ತಕ್ಕೆ. ಅದಕ್ಕೇ ಮೈ ಹಳದಿಯಾಗಿ ಕೆರೆಯೋದು, ಮಲ ಬಿಳಿಚೋದು. ಕಟ್ಟಿರೋದು ಕಲ್ಲೋ, ಗಡ್ಡೆಯೋ, ಒಳಗೆ ನೋಡಿದ್ರೆ ಮಾತ್ರ ಗೊತ್ತಾಗೋದು.”

“ನನ್ನ ಕಣ್ಣು ನೋಡಕ್ಕಾ, ಬೆಳ್ಳಗೇ ಇದೆ!” ಅಣ್ಣ ಬಲ್ಬಿನ ಕೆಳಗೆ ಮುಖ ಒಡ್ಡಿದ. ಆ ಬಲ್ಬಿನ ಮಂದ ಹಳದಿ ಬೆಳಕಿನಲ್ಲಿ ಎಲ್ಲರ ಕಣ್ಣೂ ಒಂದೇ ಥರ ಕಂಡವು. ನರ್ಸಕ್ಕನಿಗೂ ಗಟ್ಟಿಯಾಗಿ ಹೇಳಲಾಗಲಿಲ್ಲ.

ತಂಗಿ ಮೆಲ್ಲಗೆ ಕೇಳಿದಳು: “ಅಣ್ಣಾ, ದೀಪದ ಬೆಳಕಲ್ಲಿ ಯಾವತ್ತಾದ್ರೂ ಬಣ್ಣ ಒಪ್ಪಿದ್ದೀಯಾ ನೀನು?”

ಬಣ್ಣದ ವಿಷಯದಲ್ಲಿ ಅಣ್ಣನದು ಒಂದೇ ಕಟ್ಟಳೆ. ಬೆಳಗಿನ ಬೆಳಕು, ಉತ್ತರದ ಕಿಟಕಿ, ಪಕ್ಕದಲ್ಲೊಂದು ಬಿಳಿ ಬಟ್ಟೆ. ಅಲ್ಲಿ ನೋಡದೆ ಒಂದು ಕರವಸ್ತ್ರವೂ ಆ ಮನೆಯಿಂದ ಹೊರಗೆ ಹೋದದ್ದಿಲ್ಲ.

“ನಾಳೆ ಅಲ್ಲೇ ನೋಡೋಣ,” ಎಂದಳು ತಂಗಿ. “ಬೆಳ್ಳಗಿದೆ ಅಂತ ನೀನೇ ಹೇಳಿದ್ರೆ ನಾನು ಮತ್ತೆ ಬಾಯಿ ಬಿಡಲ್ಲ.”

“ಭೂತಗನ್ನಡಿ ಬಾಯಿ ಮುಚ್ಚುತ್ತೆ ಅಂದ್ರೆ ಯಾಕೆ ಬಿಡಲಿ?” ಎಂದ ಅಣ್ಣ.

ಬೆಳಗಾಯಿತು. ಕಿಟಕಿಯ ಬೆಳಕು ಹಾಲಿನ ಹಾಗೆ ನೆಲಕ್ಕೆ ಇಳಿದಿತ್ತು. ತಂಗಿ ಬಿಳಿ ಬಟ್ಟೆಯನ್ನು ಅಣ್ಣನ ಕೆನ್ನೆಗೆ ತಾಗಿಸಿ ಹಿಡಿದಳು. ಅತ್ತಿಗೆ ಕನ್ನಡಿ ಹಿಡಿದಳು. ಅಣ್ಣ ನೋಡಿದ. ಕಣ್ಣಿನ ಕೆಳಗಿನ ರೆಪ್ಪೆ ಎಳೆದು ಮತ್ತೆ ನೋಡಿದ. ಹೊರಗೆ ನೀಲಿ ಬಟ್ಟೆಗಳು ಸದ್ದಿಲ್ಲದೆ ಏಳುತ್ತಿದ್ದವು, ಇಳಿಯುತ್ತಿದ್ದವು. ಬಣ್ಣದ ಬಗ್ಗೆ ಅವನು ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ.

“ಇದು ಪರದೆಯ ಹಳದಿ ಅಲ್ಲ,” ಎಂದ ಕೊನೆಗೆ. “ಇದ್ರಲ್ಲಿ ಒಂದು ಎಳೆ ಹಸಿರಿದೆ. ಈ ಬಣ್ಣ ನಾನು ಹಾಕಿದ್ದಲ್ಲ.”

ಅದೇ ಬೆಳಿಗ್ಗೆ ನೀಲಿ ಹಂಡೆಯ ಒಲೆ ಆರಿಸಿ, ನರ್ಸಕ್ಕನ ಜೊತೆ ಎಲ್ಲರೂ ಆಸ್ಪತ್ರೆಗೆ ಹೋದರು.

ರಕ್ತ ಪರೀಕ್ಷೆಯಾಯಿತು. ಹೊಟ್ಟೆಯ ಮೇಲೆ ತಣ್ಣನೆಯ ಲೋಳೆ ಹಚ್ಚಿ ಅಲ್ಟ್ರಾಸೌಂಡ್ ಮಾಡಿದರು. ಪಿತ್ತನಾಳ ಊದಿಕೊಂಡಿತ್ತು. ಎಲ್ಲಿ ಕಟ್ಟಿದೆ ಎಂದು ತಿಳಿಯಲು ಸಿಟಿ ಮತ್ತು ಎಂಆರ್‌ಐ ಸ್ಕ್ಯಾನ್ ಆಯಿತು. ಮಂಪರು ಬರಿಸಿ, ಬಾಯಿಯ ಮೂಲಕ ಕ್ಯಾಮೆರಾ ಇರುವ ಸಣ್ಣ ಕೊಳವೆ ಇಳಿಸಿ, ಅಡ್ಡವಾಗಿದ್ದ ಜಾಗದಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಪಿತ್ತರಸ ಹರಿಯಲೆಂದು ನಾಳದೊಳಗೆ ಸ್ಟೆಂಟ್ ಎಂಬ ಪುಟ್ಟ ನಳಿಗೆಯನ್ನೂ ಕೂರಿಸಿದರು. ಕೆಲವು ದಿನಗಳಲ್ಲಿ ಕೆರೆತ ಇಳಿಯಿತು. ಅಣ್ಣ ಮಗುವಿನ ಹಾಗೆ ನಿದ್ದೆ ಹೋದ.

ಪರೀಕ್ಷೆಯ ಫಲ ಬಂದಾಗ ಡಾಕ್ಟರಮ್ಮ ಎದುರು ಕುರ್ಚಿ ಎಳೆದುಕೊಂಡು ಕೂತರು. “ಪಿತ್ತನಾಳದ ಕೆಳತುದಿಯಲ್ಲಿ ಕ್ಯಾನ್ಸರ್ ಇದೆ,” ಎಂದರು.

ಅತ್ತಿಗೆ ತಂಗಿಯ ಮುಂಗೈ ಹಿಡಿದುಕೊಂಡಳು. ಅಣ್ಣ ಕೇಳಿದ: “ಒಂದು ದಿನಾನೂ ನೋಯಲಿಲ್ಲವಲ್ಲ ಡಾಕ್ಟ್ರೇ?”

“ಕಲ್ಲು ಅಡ್ಡ ಬಂದ್ರೆ ಸಾಮಾನ್ಯವಾಗಿ ನೋಯುತ್ತೆ. ಇದು ಎಷ್ಟೋ ಸಲ ಸದ್ದಿಲ್ಲದೆ ಬರುತ್ತೆ. ನೋವಿಲ್ಲದ ಕಾಮಾಲೆ ಅಂದ್ರೆ ನಮಗೆ ಹೆಚ್ಚು ಭಯ. ನಿಮ್ಮದು ಬೇರೆ ಕಡೆ ಹರಡಿದ ಹಾಗೆ ಸ್ಕ್ಯಾನಲ್ಲಿ ಕಾಣಿಸ್ತಿಲ್ಲ. ಆಪರೇಷನ್ ಮಾಡಿ ತೆಗೆಯಬಹುದು.”

“ಕತ್ತಿ ತಾಗಿದ್ರೆ ಕ್ಯಾನ್ಸರ್ ಕೆರಳುತ್ತೆ ಅಂತಾರಲ್ಲ…” ಎಂದಳು ಅತ್ತಿಗೆ.

“ಬಿಟ್ರೆ ಬೆಳೆಯುತ್ತೆ. ತೆಗೆದ್ರೆ ಗುಣವಾಗೋ ಅವಕಾಶ ಇದೆ. ದೊಡ್ಡ ಆಪರೇಷನ್, ಸುಳ್ಳು ಹೇಳಲ್ಲ. ತಡವಾಗಿ ಬಂದವರಿಗೆ ಎಷ್ಟೋ ಸಲ ಆ ದಾರಿಯೇ ಇರಲ್ಲ. ಹಾಗಂತ ಅವರನ್ನೂ ಕೈ ಬಿಡಲ್ಲ. ಸ್ಟೆಂಟು, ಕೀಮೋ, ಕೆಲವರಿಗೆ ರೇಡಿಯೇಷನ್, ಹೊಸ ಔಷಧಿಗಳು, ನೋವಿಗೆ ಆರೈಕೆ, ಎಲ್ಲ ಇದೆ.”

ಅಣ್ಣ ತನ್ನ ಕೈಗಳನ್ನು ನೋಡಿಕೊಂಡ. ನೀಲಿ ಬಣ್ಣ ಉಗುರಿನ ಸಂದಿನಲ್ಲಷ್ಟೇ ಉಳಿದಿತ್ತು. “ತೆಗೀರಿ,” ಎಂದ.

ಆಪರೇಷನ್ ದಿನ ತಂಗಿ ಉದ್ದನೆಯ ಓಣಿಯಲ್ಲಿ ಕೂತಿದ್ದಳು. ಬಿಳಿ ಹೊದಿಕೆಗಳ ಗಾಡಿಗಳು ಬರುತ್ತಿದ್ದವು, ಹೋಗುತ್ತಿದ್ದವು. ಕಣ್ಣು ಮುಚ್ಚಿದರೆ ಮತ್ತೆ ಅದೇ ಅಂಗಳ. ಈ ಸಲ ಬಟ್ಟೆಗಳೆಲ್ಲ ಬಿಳಿ. ಅವಳು ಸಾಲಿನಿಂದ ಸಾಲಿಗೆ “ಅಣ್ಣಾ, ಅಣ್ಣಾ” ಎನ್ನುತ್ತಾ ನಡೆಯುತ್ತಲೇ ಇದ್ದಳು. ಯಾರೋ ಭುಜ ಮುಟ್ಟಿದರು. ನರ್ಸಕ್ಕ. “ಮುಗೀತು. ಗಡ್ಡೆ ಪೂರ್ತಿ ತೆಗೆದಿದ್ದಾರೆ. ನಿನ್ನ ಹೆಸರು ಹಿಡಿದು ಕರೆದ.”

“ಹೆಸರು ಹಿಡಿದಾ?”

“ಭೂತಗನ್ನಡಿ ಎಲ್ಲಿ ಅಂದ.”

ತಂಗಿ ನಗುತ್ತಾ ಅತ್ತಳು.

ಆಮೇಲೆ ತಿಂಗಳುಗಟ್ಟಲೆ ಕೀಮೋ ಮಾತ್ರೆ ನುಂಗಿದ್ದಾಯಿತು. ಸ್ಕ್ಯಾನಿಗೆ ಈಗಲೂ ಹೋಗಿಬರುತ್ತಾರೆ. ಗೆದ್ದೆವು ಎಂದು ಡಾಕ್ಟರಮ್ಮ ಇನ್ನೂ ಹೇಳಿಲ್ಲ, “ಚೆನ್ನಾಗಿ ನಡೀತಿದೆ” ಎನ್ನುತ್ತಾರೆ. ಇಷ್ಟರ ನಡುವೆ ಅತ್ತಿಗೆ ಊಟವಾದ ಮೇಲೆ ಬಲಪಕ್ಕೆ ಹಿಡಿದುಕೊಳ್ಳುವುದು ತಂಗಿಯ ಕಣ್ಣಿಗೆ ಬಿತ್ತು. “ನನ್ನ ಮೇಲೂ ಶುರುವಾಯ್ತಾ?” ಎಂದು ಮೂಗು ಮುರಿದರೂ ಅತ್ತಿಗೆ ಸ್ಕ್ಯಾನಿಗೆ ಹೋದಳು. ಪಿತ್ತಕೋಶದಲ್ಲಿ ಕಲ್ಲುಗಳಿದ್ದವು. ಕಲ್ಲಿದ್ದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ, ಆದರೆ ಬಹುಕಾಲ ಕಲ್ಲಿದ್ದರೆ ಅಪಾಯ ಹೆಚ್ಚು, ಅದರಲ್ಲೂ ಹೆಂಗಸರಿಗೆ, ಎಂದರು ಡಾಕ್ಟರಮ್ಮ. ಅವಳಿಗೆ ನೋವೂ ಇದ್ದುದರಿಂದ ಪಿತ್ತಕೋಶವನ್ನು ತೆಗೆಸಿಕೊಳ್ಳಲು ಹೇಳಿದರು. ತೆಗೆಸಿದ್ದಾಯಿತು.

ಈಗ ಅಣ್ಣ ಮತ್ತೆ ಉತ್ತರದ ಕಿಟಕಿಯ ಬಳಿ ನಿಲ್ಲುತ್ತಾನೆ. ಪ್ಯಾಂಟು ಇನ್ನೂ ಸಡಿಲವೇ. ಬಣ್ಣದ ತುಂಡನ್ನು ನೋಡುವ ಮೊದಲು ತಂಗಿಯ ಕಡೆ ತಿರುಗಿ ಕಣ್ಣರಳಿಸುತ್ತಾನೆ.

“ಹೇಳು, ಇವತ್ತು ಯಾವ ಬಣ್ಣ?”

ಅವಳು ಬಿಳಿ ಬಟ್ಟೆ ಹಿಡಿದು, ನಿಧಾನವಾಗಿ ನೋಡಿ ಹೇಳುತ್ತಾಳೆ: “ಬೆಳ್ಳಗಿದೆ.”

ಓದುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಹಂಡೆ ಇಲ್ಲದಿರಬಹುದು, ಕಿಟಕಿ ಇದ್ದೇ ಇರುತ್ತದೆ. ಯಾರದಾದರೂ ಕಣ್ಣಿನ ಬಿಳಿ ಹಳದಿ ತಿರುಗಿದ್ದರೆ, ಮೂತ್ರ ಕಡುವಾಗಿ ಮಲ ಬಿಳಿಚಿದ್ದರೆ, ಕಾರಣ ತಿಳಿಯದ ಮೈಕೆರೆತವಿದ್ದರೆ, ಊಟ ಸೇರದೆ ಸೊರಗುತ್ತಿದ್ದರೆ, ಹೊಟ್ಟೆಯ ಬಲಮೇಲ್ಭಾಗದಲ್ಲಿ ನೋವು ಬಂದು ಬಂದು ಹೋಗುತ್ತಿದ್ದರೆ, ಪುಡಿ, ಬೇರು ಎಂದು ದಿನ ದೂಡಬೇಡಿ. ನೋವಿಲ್ಲ ಎಂಬ ಮಾತಿಗೆ ಸೋಲಬೇಡಿ. ಎಲ್ಲ ಕಾಮಾಲೆಯೂ ಕ್ಯಾನ್ಸರ್ ಅಲ್ಲ. ಆದರೆ ಯಾವುದು ಅಲ್ಲ ಎಂದು ಹೇಳಬೇಕಾದವರು ವೈದ್ಯರು, ನಾವಲ್ಲ. ನಾಳೆ ಬೆಳಿಗ್ಗೆ ನಿಮ್ಮವರನ್ನು ಕಿಟಕಿಯ ಬಳಿ ಕರೆಯಿರಿ. ಅವರು ನಗಲಿ, ಬೈಯಲಿ, ನಿಮಗೊಂದು ಅಡ್ಡಹೆಸರಿಡಲಿ. ನೀವು ನೋಡಿ.